ಕರ್ನಾಟಕ ಕುಲಪುರೋಹಿತ ಆಲೂರು ವೆಂಕಟರಾಯರು



ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿದರೆ ಒಂದು ತಾಸಿನೊಳಗೆ ನೀವು ಕುಂದಗೋಳದಲ್ಲಿ ಇಳಿಯುತ್ತೀರಿ. ದಾರಿಯಲ್ಲಿ ಎರೆಹೊಲಗಳು, ಮೆಣಸಿನಕಾಯಿ, ಹತ್ತಿ. ನಡುವೆ ಎಲ್ಲಿಯೂ ಗಡಿ ಕಾಣುವುದಿಲ್ಲ. ಆದರೆ ನಿಮ್ಮ ಮುತ್ತಜ್ಜ 1900ರ ಸುಮಾರಿಗೆ ಇದೇ ದಾರಿಯಲ್ಲಿ ಚಕ್ಕಡಿ ಹೂಡಿಕೊಂಡು ಹೋಗಿದ್ದರೆ, ಆತ ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕೆ ಹೋಗುತ್ತಿದ್ದ. ಹುಬ್ಬಳ್ಳಿ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ನವಲಗುಂದ, ಅಣ್ಣಿಗೇರಿ, ಕಲಘಟಗಿಯವರು ಧಾರವಾಡದ ಕಲೆಕ್ಟರರಿಗೆ ಕಂದಾಯ ಕಟ್ಟಿದರೆ, ಕುಂದಗೋಳದವರ ಕಂದಾಯ ಪಟವರ್ಧನ ಅರಸರ ಖಜಾನೆಗೆ ಹೋಗುತ್ತಿತ್ತು. ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜದವರದು, ಸವಣೂರಿಗೆ ನವಾಬರು. ಗದಗ ದಾಟಿ ಕೊಪ್ಪಳದ ಕಡೆಗೆ ನಡೆದರೆ ಹೈದರಾಬಾದಿನ ನಿಜಾಮರ ಸೀಮೆ. ಬಳ್ಳಾರಿ ಮದ್ರಾಸಿಗೆ ಸೇರಿತ್ತು. ದಕ್ಷಿಣಕ್ಕೆ ಮೈಸೂರು ಸಂಸ್ಥಾನ, ಅದರ ಪಕ್ಕ ಕೊಡಗು. ಮನೆಯಲ್ಲಿ ಕನ್ನಡ ಆಡುವ ಜನ ಕಚೇರಿಗೆ ಹೋದಾಗ ಒಂದು ಕಡೆ ಮರಾಠಿ, ಒಂದು ಕಡೆ ಉರ್ದು, ಎಲ್ಲ ಕಡೆಗೂ ಮೇಲೆ ಇಂಗ್ಲಿಷ್.

ಹೀಗೆ ಚೂರುಚೂರಾದ ಜನಕ್ಕೆ ತಾವೆಲ್ಲ ಒಂದು ಎಂಬ ಅರಿವು ಹೇಗೆ ಬಂದೀತು? ಬಂದಿರಲಿಲ್ಲ ಎಂಬುದೇ ನಿಜ. ಹೆಸರು ಕೂಡ ಕೈಬಿಟ್ಟು ಹೋಗಿತ್ತು. ಆಂಗ್ಲರು ತಮ್ಮ ಇತಿಹಾಸದ ಪುಸ್ತಕಗಳಲ್ಲಿ ಕರ್ನಾಟಕ್ ಯುದ್ಧಗಳೆಂದು ಬರೆದದ್ದು ತಮಿಳು ಸೀಮೆಯ ಆರ್ಕಾಟಿನ ಸುತ್ತ ನಡೆದ ಕಾಳಗಗಳನ್ನು. ಕರ್ನಾಟಕವೆಂಬ ಹೆಸರಿನ ಹಕ್ಕುದಾರರು ತಾವೇ ಎಂದು ಓದಿದವರಿಗೂ ಗೊತ್ತಿರದ ಕಾಲ ಅದು. ಆ ಕಾಲದಲ್ಲಿ ಈ ಜನಕ್ಕೆ ಅವರ ಹೆಸರನ್ನೂ ನೆನಪನ್ನೂ ಹುಡುಕಿ ತಂದುಕೊಟ್ಟ ಒಬ್ಬ ವಕೀಲರ ಬದುಕನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ.

ಆಲೂರು ವೆಂಕಟರಾಯರು ಹುಟ್ಟಿದ್ದು 1880ರ ಜುಲೈ 12ರಂದು, ವಿಜಾಪುರದಲ್ಲಿ. ತಂದೆ ಭೀಮರಾಯರು ಸರಕಾರಿ ನೌಕರಿಯಲ್ಲಿದ್ದವರು, ತಾಯಿ ಭಾಗೀರಥಿಬಾಯಿ. ಮನೆತನದ ಮೂಲ ಮಲಪ್ರಭೆಯ ದಂಡೆಯ ಹೊಳೆಆಲೂರು. ಧಾರವಾಡದಲ್ಲಿ ಶಾಲೆ ಮುಗಿಸಿ, ಆ ಕಾಲದ ಎಲ್ಲ ಬುದ್ಧಿವಂತ ಹುಡುಗರಂತೆ ಇವರೂ ಪುಣೆಗೆ ಹೋದರು, ಫರ್ಗ್ಯುಸನ್ ಕಾಲೇಜಿಗೆ. ಬೇರೆ ದಾರಿ ಇರಲಿಲ್ಲ. ಉತ್ತರದ ಕನ್ನಡ ಜಿಲ್ಲೆಗಳಲ್ಲಿ ಆಗ ಒಂದು ಕಾಲೇಜೂ ಇರಲಿಲ್ಲ. ಕಲೆ, ವಿದ್ಯೆ, ಹೆಸರು, ಎಲ್ಲಕ್ಕೂ ಉತ್ತರಕ್ಕೇ ಮುಖಮಾಡಬೇಕಿತ್ತು. ನಮ್ಮ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಹೆಸರುವಾಸಿಯಾದದ್ದು ಮರಾಠಿ ರಂಗಭೂಮಿಯಲ್ಲಿ ಎಂಬುದನ್ನು ನೆನೆದರೆ ಆ ಕಾಲದ ಸೆಳೆತ ನಿಮಗೆ ಅರ್ಥವಾದೀತು.

ಪುಣೆ ತರುಣ ವೆಂಕಟರಾಯರ ಕಣ್ಣು ತೆರೆಸಿತು. ಅಲ್ಲಿ ಟಿಳಕರಿದ್ದರು. ನ್ಯಾಯಮೂರ್ತಿ ರಾನಡೆಯವರು ಮರಾಠರ ಏಳಿಗೆಯ ಬಗ್ಗೆ ಬರೆದ ಪುಸ್ತಕ 1900ರಲ್ಲಿ ಬಂದಿತ್ತು. ರಾಜವಾಡೆಯವರು ಊರೂರು ಅಲೆದು ಹಳೆಯ ಮನೆಗಳ ಅಟ್ಟದಿಂದ ಮೋಡಿ ಕಾಗದಗಳನ್ನು ಇಳಿಸಿ ಮರಾಠರ ಚರಿತ್ರೆಯನ್ನು ಕಟ್ಟುತ್ತಿದ್ದರು. ಮಹಾರಾಷ್ಟ್ರದ ಒಬ್ಬ ಸಾಮಾನ್ಯ ವಿದ್ಯಾರ್ಥಿಗೆ ಶಿವಾಜಿಯ ಕೋಟೆಗಳ ಹೆಸರು ಬಾಯಿಪಾಠ. ಧಾರವಾಡದ ಹುಡುಗನಿಗೆ ತನ್ನ ಪೂರ್ವಜರ ವಿಷಯವಾಗಿ ಹೇಳಲು ಏನೂ ಇರಲಿಲ್ಲ. ಮಕ್ಕಳನ್ನು ಪರಊರಿನ ಹಾಸ್ಟೆಲಿಗೆ ಕಳುಹಿಸಿದ ತಂದೆತಾಯಿಗಳಿಗೆ ಈ ಮುಜುಗರ ಗೊತ್ತಿರುತ್ತದೆ. ನೀನು ಯಾರ ಪೈಕಿ ಎಂದು ಯಾರಾದರೂ ಕೇಳಿದಾಗ ಹುಡುಗ ತಲೆ ತಗ್ಗಿಸಿದರೆ, ಅದು ಬರೀ ತಿಳಿವಳಿಕೆಯ ಕೊರತೆಯಲ್ಲ.

ವಕೀಲಿ ಪರೀಕ್ಷೆ ಮುಗಿಸಿ ಅವರು ಧಾರವಾಡಕ್ಕೆ ಮರಳಿದರು. 1905ರಲ್ಲಿ ಆನೆಗೊಂದಿಗೂ ಹಂಪಿಗೂ ಹೋಗಿಬಂದರು. ಮಾಧ್ವ ಮನೆತನದವರಿಗೆ ಆನೆಗೊಂದಿಯ ನವವೃಂದಾವನ ಯಾತ್ರಾಸ್ಥಳ, ಹೋದದ್ದು ಭಕ್ತಿಯಿಂದಲೇ. ಆದರೆ ಅಲ್ಲಿ ಕಂಡದ್ದು ಬೇರೆ. ತುಂಗಭದ್ರೆಯ ಎರಡೂ ದಂಡೆಗೆ ಹರಡಿದ್ದ ಒಂದೇ ರಾಜಧಾನಿಯ ಅವಶೇಷ ಎರಡು ಸರಕಾರಗಳಲ್ಲಿ ಹಂಚಿಹೋಗಿತ್ತು: ಆಚೆಯ ಆನೆಗೊಂದಿ ನಿಜಾಮರಿಗೆ, ಈಚೆಯ ಹಂಪಿ ಮದ್ರಾಸಿಗೆ. ಮುರಿದ ಮಂಟಪಗಳು, ಹುಲ್ಲು ಬೆಳೆದ ಬೀದಿಗಳು. ಯಾವ ಅರಸರು ಇದನ್ನು ಕಟ್ಟಿದರೆಂದು ಕೇಳಿದರೆ ಹೇಳುವವರಿಲ್ಲ. ತಮ್ಮ ಬದುಕಿನ ದಿಕ್ಕು ತಿರುಗಿದ್ದು ಅಲ್ಲಿಯೇ ಎಂದು ಅವರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಅದೇ ವರ್ಷ ಬಂಗಾಳವನ್ನು ಸರಕಾರ ಎರಡಾಗಿ ಒಡೆದಾಗ ಇಡೀ ದೇಶವೇ ಕೆರಳಿತು. ಬಂಗಾಳದ ಎರಡು ಹೋಳಿಗೆ ಇಷ್ಟು ನೋವಾದರೆ, ಹತ್ತಾರು ಹೋಳಾದ ಕನ್ನಡನಾಡಿಗೆ ನೋವೇ ಗೊತ್ತಾಗುತ್ತಿಲ್ಲವಲ್ಲ! ಇದು ಅವರನ್ನು ಕಾಡಿದ ಪ್ರಶ್ನೆ.

ಓದುಗ ಬಂಧುಗಳೇ, ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಇಂಥ ಆವೇಶ ಬಂದ ತರುಣರು ಸಾಮಾನ್ಯವಾಗಿ ನೇರ ಸಭೆಗೆ, ಭಾಷಣಕ್ಕೆ ಹೊರಡುತ್ತಾರೆ. ವೆಂಕಟರಾಯರು ಭಾಷಣವನ್ನೂ ಮಾಡಿದರು, ಆದರೆ ಅದಕ್ಕಿಂತ ಮೊದಲು ಓದಲು ಕುಳಿತರು. 1907ರಲ್ಲಿ ವಿಜಯನಗರದ ಗುರು ವಿದ್ಯಾರಣ್ಯರ ಚರಿತ್ರೆಯನ್ನು ಬರೆದರು. ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ ಪತ್ರಿಕೆಯನ್ನು ಕೈಗೆತ್ತಿಕೊಂಡು ಅದರಲ್ಲಿ ಕನ್ನಡ ಪ್ರಾಂತಗಳೆಲ್ಲ ಒಂದಾಗಬೇಕೆಂಬ ಮಾತನ್ನು ಎತ್ತಿದರು. ಬೇರೆ ಬೇರೆ ಸರಕಾರಗಳ ಕೆಳಗಿದ್ದ ಕನ್ನಡ ಬರಹಗಾರರನ್ನು ಧಾರವಾಡಕ್ಕೆ ಕರೆದು ಸಮ್ಮೇಳನ ನಡೆಸಿದರು. ಇವೆಲ್ಲ ನಡೆಯುತ್ತಿರುವಾಗಲೇ ದೊಡ್ಡ ಪುಸ್ತಕವೊಂದಕ್ಕೆ ಸಾಮಗ್ರಿ ಕೂಡಿಸುತ್ತ ಹೋದರು.

ಸಾಮಗ್ರಿ ಇತ್ತು, ಕನ್ನಡದಲ್ಲಿ ಇರಲಿಲ್ಲ, ಅಷ್ಟೇ. ಮುಂಬಯಿ ಸರಕಾರದ ಅಧಿಕಾರಿ ಫ್ಲೀಟ್ ಸಾಹೇಬರು ನಮ್ಮ ಜಿಲ್ಲೆಗಳಲ್ಲಿ ಅಲೆದಾಡಿ, ಗುಡಿಯ ಗೋಡೆ, ಕೆರೆಯ ಏರಿ, ಹೊಲದ ಬದುವಿನಲ್ಲಿದ್ದ ಕಲ್ಲುಗಳ ಬರಹವನ್ನು ಓದಿ, ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿ ಪ್ರಕಟಿಸಿದ್ದರು. ಮೈಸೂರಿನಲ್ಲಿ ರೈಸ್ ಸಾಹೇಬರು ಸಾವಿರಾರು ಶಾಸನಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದ್ದರು. ಭಾಂಡಾರಕರರು ದಕ್ಷಿಣಾಪಥದ ಪ್ರಾಚೀನ ಇತಿಹಾಸ ಬರೆದಿದ್ದರು. ಹಂಪಿಯ ಬಗ್ಗೆ ಸಿವೆಲ್ ಸಾಹೇಬರ ಪುಸ್ತಕ 1900ರಲ್ಲಿ ಬಂದಿತ್ತು. ಕ್ರೈಸ್ತ ಮಿಶನರಿ ಕಿಟೆಲ್ ಪಂಡಿತರ ಮಹಾನಿಘಂಟು 1894ರಲ್ಲಿಯೇ ಸಿದ್ಧವಾಗಿತ್ತು. ಆದರೆ ಈ ಇತಿಹಾಸಗಳೆಲ್ಲ ಇಂಗ್ಲಿಷಿನಲ್ಲಿ, ದುಬಾರಿ ಸಂಪುಟಗಳಲ್ಲಿ, ಸರಕಾರಿ ಕಪಾಟುಗಳಲ್ಲಿ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಕಲ್ಲಿನಲ್ಲಿ ಏನು ಬರೆದಿದೆ ಎಂಬುದು ಲಂಡನ್ನಿನ ಪಂಡಿತರಿಗೆ ಗೊತ್ತಾಗಬಹುದಿತ್ತು. ಆ ಗುಡಿಯ ಕಟ್ಟೆಯ ಮೇಲೆ ದಿನಾ ಸಂಜೆ ಕೂಡುವ ಅಣ್ಣಿಗೇರಿಯ ಹಿರಿಯನಿಗೆ ಗೊತ್ತಿರಲಿಲ್ಲ.

ಪುಣೆಯಲ್ಲಿ 1910ರಲ್ಲಿ ರಾಜವಾಡೆಯವರು ಇತಿಹಾಸ ಸಂಶೋಧಕ ಮಂಡಳವನ್ನು ತೆರೆದಿದ್ದರು. ನಾಲ್ಕೇ ವರ್ಷಗಳಲ್ಲಿ, 1914ರಲ್ಲಿ, ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಹುಟ್ಟಿತು. ಮುಂದೆ ಮೂರು ವರ್ಷಕ್ಕೆ, 1917ರಲ್ಲಿ, ‘ಕರ್ನಾಟಕ ಗತವೈಭವ’ ಹೊರಬಂತು. ಹಂಪಿಯನ್ನು ಕಂಡು ಹನ್ನೆರಡು ವರ್ಷಗಳಾಗಿದ್ದವು.

ಆ ಪುಸ್ತಕದಲ್ಲಿ ಏನಿದೆ? ಬಾದಾಮಿಯ ಚಾಲುಕ್ಯರು, ಮಳಖೇಡದ ರಾಷ್ಟ್ರಕೂಟರು, ಕಲ್ಯಾಣದವರು, ಹೊಯ್ಸಳರು, ವಿಜಯನಗರ. ಉತ್ತರದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಪುಲಕೇಶಿ ನಮ್ಮವನು. ಐಹೊಳೆಯಲ್ಲಿ ಅವನ ಶಾಸನ ಇಂದಿಗೂ ಇದೆ. ಎಲ್ಲೋರದ ಕೈಲಾಸ ದೇವಾಲಯವನ್ನು ಬಂಡೆಯಲ್ಲಿ ಕಡೆಸಿದ ರಾಷ್ಟ್ರಕೂಟರು ಕನ್ನಡದ ದೊರೆಗಳು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹೇಳುತ್ತದೆ. ಇಂದು ಆರನೆಯ ಇಯತ್ತೆಯ ಮಗುವೂ ಇದನ್ನು ಒಪ್ಪಿಸುತ್ತದೆ. ಆದ್ದರಿಂದ ನಿಮಗೆ ಇದರಲ್ಲಿ ವಿಶೇಷ ಕಾಣದಿರಬಹುದು. 1917ರ ಓದುಗನಿಗೆ ಹಾಗಿರಲಿಲ್ಲ. ಅಲ್ಲಿಯವರೆಗೆ ಜಮಖಂಡಿಯ ಪ್ರಜೆ, ನಿಜಾಮರ ಪ್ರಜೆ, ಮುಂಬಯಿ ಪ್ರಾಂತದ ಪ್ರಜೆ ಎಂದು ತಿಳಿದವರು, ಈ ಪುಸ್ತಕ ಮುಗಿಸಿದಾಗ ತಮಗೆ ಬೇರೆ ಒಂದು ವಿಳಾಸವೂ ಇದೆ ಎಂದು ಕಂಡುಕೊಂಡರು.

ಇಲ್ಲಿ ನನಗೆ ಧಾರವಾಡದಿಂದ ಬಹು ದೂರದ ಇನ್ನೊಬ್ಬರ ನೆನಪಾಗುತ್ತದೆ. ಸ್ವಲ್ಪ ಸುತ್ತಿ ಬರೋಣ. ತುರ್ಕರು ಮತ್ತು ಪರ್ಷಿಯನ್ನರ ನಡುವೆ ಹಂಚಿಹೋದ ಅರ್ಮೇನಿಯನ್ನರೆಂಬ ಜನಾಂಗ ನಿಮಗೆ ಗೊತ್ತಿರಬಹುದು. ನಾಲ್ಕನೆಯ ಶತಮಾನದ ಆರಂಭದಲ್ಲಿಯೇ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ ನಾಡು ಅದು. ಐದನೆಯ ಶತಮಾನದ ಆದಿಯಲ್ಲಿ ಸಂತ ಮೆಸ್ರೋಪರು ಅವರ ಭಾಷೆಗೆ ಲಿಪಿ ಕೊಟ್ಟಿದ್ದರು. ಕಾಲಾಂತರದಲ್ಲಿ ರಾಜ್ಯ ಹೋಯಿತು, ಜನ ಚದುರಿದರು. ಸೆಬಾಸ್ತೆ ಎಂಬ ಊರಲ್ಲಿ 1676ರಲ್ಲಿ ಹುಟ್ಟಿದ ಮೆಖಿತಾರ್ ಎಂಬ ಗುರುಗಳು 1701ರಲ್ಲಿ ಒಂದು ಸಂನ್ಯಾಸಿ ಸಭೆಯನ್ನು ಕಟ್ಟಿದರು. ಕೊನೆಗೆ ಅವರಿಗೆ ನೆಲೆ ಸಿಕ್ಕಿದ್ದು ಇಟಲಿಯ ವೆನಿಸ್ ಬಳಿ, ಹಿಂದೆ ಕುಷ್ಠರೋಗಿಗಳನ್ನು ಇಡುತ್ತಿದ್ದ ಸಂತ ಲಾಜರನ ಪುಟ್ಟ ದ್ವೀಪದಲ್ಲಿ, ಅದು 1717ರಲ್ಲಿ. ಆಲೂರರ ಪುಸ್ತಕಕ್ಕೆ ಸರಿಯಾಗಿ ಇನ್ನೂರು ವರ್ಷ ಹಿಂದೆ. ಆ ದ್ವೀಪದಲ್ಲಿ ಕುಳಿತು ಅವರೂ ಅವರ ಶಿಷ್ಯರೂ ಹಳೆಯ ಹಸ್ತಪ್ರತಿಗಳನ್ನು ಕೂಡಿಹಾಕಿದರು, ವ್ಯಾಕರಣ ಬರೆದರು, ನಿಘಂಟು ಕಟ್ಟಿದರು. ಮೆಖಿತಾರರು ತೀರಿಕೊಂಡ 1749ರಲ್ಲಿಯೇ ನಿಘಂಟಿನ ಮೊದಲ ಸಂಪುಟ ಬಂತು. ಅವರ ಸಭೆಯ ಚಾಮ್ಚಿಯನ್ ಎಂಬವರು 1784ರಿಂದ 1786ರವರೆಗೆ ಮೂರು ಸಂಪುಟಗಳಲ್ಲಿ ತಮ್ಮ ಜನರ ಇತಿಹಾಸವನ್ನು ಹೊರತಂದರು. ದೇಶವಿಲ್ಲದ ಜನಕ್ಕೆ ಪುಸ್ತಕಗಳೇ ದೇಶವಾದವು. ಇದೆಲ್ಲ ಪರದೇಶದ ಕಥೆ ಎನ್ನಬೇಡಿ: ಜಗತ್ತಿನ ಮೊಟ್ಟಮೊದಲ ಅರ್ಮೇನಿಯನ್ ಪತ್ರಿಕೆ ಅಚ್ಚಾದದ್ದು 1794ರಲ್ಲಿ ನಮ್ಮ ಮದ್ರಾಸಿನಲ್ಲಿ, ಅಲ್ಲಿನ ಅರ್ಮೇನಿಯನ್ ವರ್ತಕರ ನಡುವೆ ಇದ್ದ ಒಬ್ಬ ಗುರುವಿನ ಕೈಯಿಂದ.

ಮೆಖಿತಾರರು ರೋಮಿನ ಐಕ್ಯದಲ್ಲಿದ್ದವರು; ಅವರ ಜನರಲ್ಲಿ ಬಹುಮಂದಿ ಬೇರೆ ಧರ್ಮಸಭೆಯವರು. ಆದರೂ ಆ ನಿಘಂಟು ಎಲ್ಲರದಾಯಿತು. ವೆಂಕಟರಾಯರ ವಿಷಯದಲ್ಲಿಯೂ ಈ ಪ್ರಶ್ನೆ ಏಳುತ್ತದೆ. ಅವರಿಗೆ ಕರ್ನಾಟಕ ಒಂದು ನಕ್ಷೆಯಾಗಿರಲಿಲ್ಲ, ತಾಯಿ ಭುವನೇಶ್ವರಿಯಾಗಿತ್ತು. ಅವರು ಬಳಸಿದ ಮಾತೆಲ್ಲ ಪೂಜೆ, ಸಾಕ್ಷಾತ್ಕಾರ, ದೀಕ್ಷೆಗಳ ಮಾತು. ಜನ ಅವರನ್ನು ಕುಲಪುರೋಹಿತರೆಂದು ಕರೆದದ್ದು ಸುಮ್ಮನೆ ಅಲ್ಲ. ಈ ಭಾಷೆಯಲ್ಲಿ ಮಾತಾಡುವಾಗ ಮಸೀದಿಗೆ ಹೋಗುವ ಕನ್ನಡಿಗ, ಇಗರ್ಜಿಗೆ ಹೋಗುವ ಕನ್ನಡಿಗ ಸ್ವಲ್ಪ ಹಿಂಜರಿದರೆ ತಪ್ಪೆನ್ನಲಾರೆ. ಆದರೆ ಪುಸ್ತಕವನ್ನು ಕೆಳಗಿಡುವ ಕಾರಣ ನನಗೆ ಇದರಲ್ಲಿ ಕಾಣುವುದಿಲ್ಲ. ಒಬ್ಬ ಭಕ್ತ ತನಗೆ ಗೊತ್ತಿದ್ದ ಭಕ್ತಿಯ ಭಾಷೆಯಲ್ಲಿ ನಾಡನ್ನು ಪ್ರೀತಿಸಿದ. ಶಾಸನದ ಕಲ್ಲು ಮಾತ್ರ ಯಾರು ಓದಿದರೂ ಅದನ್ನೇ ಹೇಳುತ್ತದೆ. ಮನುಷ್ಯ ತನ್ನನ್ನು ತಾನು ಕಂಡುಕೊಳ್ಳುವುದು ನೆನಪಿನ ಅಂಗಳದಲ್ಲಿ ಎಂಬ ವಿಚಾರವನ್ನು ಸಂತ ಅಗಸ್ಟಿನರು ವಿಸ್ತಾರವಾಗಿ ಬರೆದಿದ್ದಾರೆ. ಒಂದು ಜನಾಂಗಕ್ಕೂ ಆ ಮಾತು ಸಲ್ಲುತ್ತದೆಯೇ ಎಂಬುದನ್ನು ಆಲೂರರನ್ನು ಓದುವಾಗ ಯೋಚಿಸುವಂತಾಗುತ್ತದೆ.

ನನ್ನ ತಕರಾರು ಇರುವುದು ಬೇರೆ ಕಡೆ. ‘ಗತವೈಭವ’ ಬಹುಮಟ್ಟಿಗೆ ಅರಸರ, ಸೈನ್ಯಗಳ, ಗುಡಿಗಳ, ಕವಿಗಳ ಪುಸ್ತಕ. ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವ ಬಡಿಗರು, ನವಲಗುಂದದಲ್ಲಿ ಜಮಖಾನ ನೇಯುವ ಮುಸ್ಲಿಂ ಮನೆಗಳ ಹೆಣ್ಣುಮಕ್ಕಳು, ಬೆಣ್ಣಿಹಳ್ಳ ಉಕ್ಕಿದಾಗ ಬೆಳೆ ಕಳೆದುಕೊಳ್ಳುವ ರೈತ, ಇವರನ್ನು ಆ ವೈಭವದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಅಣ್ಣಿಗೇರಿಯನ್ನೇ ನೋಡಿ. ಬೆಳ್ವೊಲ ನಾಡಿನ ಮುಖ್ಯ ಪಟ್ಟಣ. ಕಲ್ಯಾಣ ಚಾಲುಕ್ಯರ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರ ನೆಲೆಸಿದ ಊರು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತೆಲಂಗಾಣದ ಕುರಿಕ್ಯಾಲ ಶಾಸನದಿಂದ ಇಂದು ನಮಗೆ ತಿಳಿದಿದೆ. 1917ರಲ್ಲಿ ಇದು ಗೊತ್ತಿರಲಿಲ್ಲ, ಗೊತ್ತಿದ್ದರೆ ವೆಂಕಟರಾಯರು ಎಷ್ಟು ಹಿಗ್ಗುತ್ತಿದ್ದರೋ. ಅದೇ ಅಣ್ಣಿಗೇರಿಯಲ್ಲಿ 2010ರಲ್ಲಿ ಚರಂಡಿ ಅಗೆಯುವಾಗ ಸಾಲುಸಾಲಾಗಿ ನೂರಾರು ತಲೆಬುರುಡೆಗಳು ಸಿಕ್ಕವು. ಯಾವ ಕಾಲದವೆಂದು ತಿಳಿಯಲು ಪ್ರಯೋಗಾಲಯಗಳಿಗೆ ಕಳುಹಿಸಿದರು. ಯುದ್ಧದಲ್ಲಿ ಸತ್ತವರೋ, ಹದಿನೆಂಟನೆಯ ಶತಮಾನದ ಕೊನೆಯ ಘೋರ ಬರಗಾಲದಲ್ಲಿ ಸತ್ತವರೋ ಎಂದು ಪಂಡಿತರಲ್ಲಿ ಚರ್ಚೆ ನಡೆಯಿತು. ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಅವರೂ ಈ ನಾಡಿನವರೇ.

ಹಾಗೆಂದು ವೆಂಕಟರಾಯರ ಕೆಲಸ ಸಣ್ಣದಾಗುವುದಿಲ್ಲ. ಅವರು ತಾವಾಗಿ ಹೊಸ ಶಾಸನಗಳನ್ನು ಓದಿದ ಲಿಪಿಜ್ಞರಲ್ಲ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಅಲ್ಲ. ಪಂಡಿತರ ಕಪಾಟಿನಲ್ಲಿದ್ದದ್ದನ್ನು ಜನರ ಪಡಸಾಲೆಗೆ ತಂದವರು. ಅದಕ್ಕಾಗಿ ವಕೀಲಿಯನ್ನೇ ಬಿಟ್ಟರು. ಹೆಂಡತಿ ಮಕ್ಕಳಿದ್ದ ಮನುಷ್ಯನಿಗೆ ಅದು ಎಂಥ ನಿರ್ಧಾರವೆಂದು ಸಂಸಾರಸ್ಥರಾದ ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಟಿಳಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ಇಳಿಸಿದರು. 1922ರಲ್ಲಿ ‘ಜಯ ಕರ್ನಾಟಕ’ ಎಂಬ ಮಾಸಪತ್ರಿಕೆ ತೆಗೆದರು. ಮುಂದೆ ಬೇಂದ್ರೆಯವರಂಥವರು ಅದರ ಸಂಪಾದನೆಗೆ ಹೆಗಲು ಕೊಟ್ಟರು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಾಡಿನ ಮೇಲಿನ ಪ್ರೀತಿ ದೇಶದ ಮೇಲಿನ ಪ್ರೀತಿಯನ್ನು ಕೆಡಿಸುತ್ತದೆಂದು ಆಕ್ಷೇಪಿಸಿದವರಿಗೆ, ಕೊಂಬೆಯಿಲ್ಲದೆ ಮರವಿಲ್ಲವೆಂಬ ಅರ್ಥದಲ್ಲಿ ಕರ್ನಾಟಕತ್ವದ ತತ್ತ್ವವನ್ನೇ ಕಟ್ಟಿ ಉತ್ತರಿಸಿದರು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು, ಧಾರವಾಡದಿಂದ ವಿದ್ವಾಂಸರ ಲೇಖನಗಳ ಸ್ಮಾರಕ ಸಂಪುಟ ಹೊರಬಂತು. 1939ರಲ್ಲಿ ಮುಂಬಯಿ ಸರಕಾರವೇ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆಯಿತು. ಇಪ್ಪತ್ತೈದು ವರ್ಷಗಳ ಹಿಂದೆ ಕೆಲವೇ ಜನ ಕೂಡಿ ಹಚ್ಚಿದ ದೀಪ ಅದು.

ಏಕೀಕರಣದ ರಾಜಕೀಯವನ್ನು ಇಲ್ಲಿ ಉದ್ದಕ್ಕೆ ಹೇಳುವುದಿಲ್ಲ. 1920ರಲ್ಲಿ ಧಾರವಾಡದ ರಾಜಕೀಯ ಪರಿಷತ್ತು, 1924ರಲ್ಲಿ ಬೆಳಗಾವಿ ಕಾಂಗ್ರೆಸ್ಸು, 1928ರಲ್ಲಿ ನೆಹರೂ ವರದಿ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಹುಬ್ಬಳ್ಳಿ ಕುಂದಗೋಳಗಳ ನಡುವಿನ ಗಡಿ ಅಳಿಸಿತು. ದೊಡ್ಡ ಗಡಿಗಳು ಹಾಗೆಯೇ ಉಳಿದವು. 1953ರಲ್ಲಿ ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕುಳಿತಾಗ ಸುತ್ತಲ ಹಳ್ಳಿಗಳ ಜನ ಚಕ್ಕಡಿ ಕಟ್ಟಿಕೊಂಡು ಬಂದರು, ಹುಬ್ಬಳ್ಳಿಯಲ್ಲಿ ಗಲಭೆಯಾಯಿತು. ನಾಡು ಒಂದಾಗಬೇಕೆಂದು ಒಬ್ಬ ರೈತ ಹಸಿವೆಯಲ್ಲಿ ಕೂಡುವಷ್ಟರ ಮಟ್ಟಿಗೆ ಆ ವಿಚಾರ ಹಳ್ಳಿಗೆ ಇಳಿದಿತ್ತು. ಪುಸ್ತಕ ಬಂದು ಆಗ ಮೂವತ್ತಾರು ವರ್ಷ.

1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದೇ ರಾಜ್ಯವಾದವು. ವೆಂಕಟರಾಯರಿಗೆ ಆಗ ಎಪ್ಪತ್ತಾರು. ಅವರು ಹೋದದ್ದು ಹಂಪಿಗೆ. ಐವತ್ತೊಂದು ವರ್ಷಗಳ ಹಿಂದೆ ಎಲ್ಲಿ ಅವರ ಬದುಕಿನ ದಿಕ್ಕು ತಿರುಗಿತ್ತೋ ಅಲ್ಲಿಯೇ, ವಿರೂಪಾಕ್ಷನ ಗುಡಿಯಲ್ಲಿ, ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ನದಿಯ ಎರಡು ದಂಡೆಗಳೂ ಈಗ ಒಂದೇ ರಾಜ್ಯದಲ್ಲಿದ್ದವು.

ಒಂದೇ ಕೊರತೆ ಉಳಿಯಿತು. ಹೊಸ ರಾಜ್ಯಕ್ಕೆ ಮೈಸೂರು ಎಂದೇ ಹೆಸರಿಟ್ಟರು. ಕರ್ನಾಟಕವೆಂದು ಕರೆಯಬೇಕೆಂದು ಆಲೂರರಂಥವರು ಬಯಸಿದ್ದರೂ ಅದು ಕೂಡಲೇ ಕೈಗೂಡಲಿಲ್ಲ. 1964ರ ಫೆಬ್ರುವರಿ 25ರಂದು ವೆಂಕಟರಾಯರು ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಆ ಹೆಸರನ್ನು ಅವರು ತಮ್ಮ ಪುಸ್ತಕದ ಮುಖಪುಟದಲ್ಲಿ ಅಚ್ಚು ಹಾಕಿಸಿ ಐವತ್ತಾರು ವರ್ಷಗಳಾದ ಮೇಲೆ.